ಬೈಕಿಗೆ ಹೀಟೆಡ್ ಗ್ರಿಪ್: ಏನು ಕೊಳ್ಳಬೇಕು, ಹೇಗೆ ಹಾಕಬೇಕು, ಎಲ್ಲಿ ಎಡವುತ್ತಾರೆ

ಡಿಸೆಂಬರ್ ಶುರುವಾದರೆ ಸಾಕು, ಪುಣೆಯಲ್ಲಿರುವ ನಮ್ಮ ಕನ್ನಡದ ಬೈಕ್ ಬಳಗದಿಂದ ಅವೇ ಪ್ರಶ್ನೆಗಳು ಬರುತ್ತವೆ. ಹೀಟೆಡ್ ಗ್ರಿಪ್ ಹಾಕಬಹುದಾ? ಬ್ಯಾಟರಿ ತಡೆಯುತ್ತದಾ? ನಾವೇ ಹಾಕಿಕೊಳ್ಳಬಹುದಾ ಅಥವಾ ಮೆಕ್ಯಾನಿಕ್ ಬೇಕಾ? ಸಂಕ್ರಾಂತಿಗೆ ಊರಿಗೆ ಬೈಕಿನಲ್ಲೇ ಹೊರಡುವವರು ಕೇಳುವುದು ಜಾಸ್ತಿ. ನಸುಕಿನಲ್ಲಿ ಕಾತ್ರಜ್ ಸುರಂಗ ದಾಟಿ ಖಂಬಾಟ್ಕಿ ಘಾಟ್ ಹತ್ತುವಷ್ಟರಲ್ಲಿ ಬೆಳಗಾವಿ, ಹುಬ್ಬಳ್ಳಿ ಕಡೆಯವರ ಬೆರಳು ಮರಗಟ್ಟಿರುತ್ತದೆ. ವಿಜಯಪುರ, ಕಲಬುರಗಿ ಕಡೆಯವರಿಗೆ ಭಿಗವಣ ಹತ್ತಿರ ಉಜನಿ ಹಿನ್ನೀರಿನ ಚಳಿ ಕಾದಿರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಬರೆದಿದ್ದೇನೆ.

ಹೀಟೆಡ್ ಗ್ರಿಪ್ ಅಂದರೆ ಒಳಗೆ ಸಣ್ಣ ಕಾಯಿಲ್ ಇರುವ ರಬ್ಬರ್ ಹಿಡಿ. ಬೈಕಿನ 12 ವೋಲ್ಟ್ ಕರೆಂಟ್ ಆ ಕಾಯಿಲ್‌ನಲ್ಲಿ ಹರಿದು ಬಿಸಿಯಾಗುತ್ತದೆ. ಇಸ್ತ್ರಿಪೆಟ್ಟಿಗೆಯೊಳಗೆ ನಡೆಯುವುದೂ ಇದೇ, ಇಲ್ಲಿ ಬಿಸಿ ಕಡಿಮೆ ಅಷ್ಟೆ. ಗ್ರಿಪ್ ಅಂಟಿಸುವುದು ದೊಡ್ಡ ವಿಷಯವಲ್ಲ. ಕರೆಂಟ್ ಎಲ್ಲಿಂದ ತೆಗೆಯುತ್ತೀರಿ, ಆಕ್ಸಿಲರೇಟರ್ ಬಿಟ್ಟ ತಕ್ಷಣ ವಾಪಸ್ ಬರುತ್ತದಾ ಎಂಬ ಎರಡು ಕಡೆ ಮಾತ್ರ ತಲೆ ಓಡಿಸಬೇಕು. ಕೆಡುವುದೂ ಈ ಎರಡು ಕಡೆಯೇ.

ಮೊದಲು, ನಿಮಗೆ ಇದು ಬೇಕಾ?

ಹಿಂಜವಡಿಗೋ ಖರಾಡಿಗೋ ಆಫೀಸಿಗೆ ಹೋಗಿ ಬರುವುದಷ್ಟೇ ಇದ್ದರೆ ಬೇಡ, ದುಡ್ಡು ಉಳಿಸಿ. ಪಾಷಾಣ, ಶಿವಾಜಿನಗರ, ಎನ್‌ಡಿಎ ಕಡೆ ಜನವರಿಯಲ್ಲಿ ಬೆಳಗಿನ ತಾಪಮಾನ 10 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ, ಕೆಲವು ದಿನ ಅದಕ್ಕಿಂತ ಕೆಳಗೂ ಇಳಿಯುತ್ತದೆ ನಿಜ. ಆದರೆ ಸಿಟಿ ಟ್ರಾಫಿಕ್‌ನಲ್ಲಿ ಒಳ್ಳೆಯ ಗ್ಲೌಸ್ ಸಾಕು.

ಹೈವೇ ಮಾತು ಬೇರೆ. ಹೊರಗೆ 10 ಡಿಗ್ರಿ ಇದ್ದಾಗ ನೀವು 80 ಕಿ.ಮೀ. ವೇಗದಲ್ಲಿ ಹೋದರೆ ಗಾಳಿಗೆ ತೆರೆದ ಚರ್ಮಕ್ಕೆ ಅದು ಸುಮಾರು 4 ಡಿಗ್ರಿಯ ಹಾಗೆ ಅನ್ನಿಸುತ್ತದೆ. ಚರ್ಮದ ಸುತ್ತ ದೇಹವೇ ಕಾಯಿಸಿಟ್ಟ ಬೆಚ್ಚನೆಯ ಗಾಳಿಯ ಪದರವನ್ನು ಎದುರುಗಾಳಿ ಎಳೆದುಕೊಂಡು ಹೋಗುತ್ತದೆ. ಬೈಕಿನಲ್ಲಿ ಕೈ ಎಲ್ಲಕ್ಕಿಂತ ಮುಂದೆ ಇರುವುದರಿಂದ ಪೆಟ್ಟು ಅದಕ್ಕೇ ಮೊದಲು.

ನಮ್ಮ ಕಡೆ ಇನ್ನೊಂದು ಕಾಲದಲ್ಲೂ ಇದು ಉಪಯೋಗಕ್ಕೆ ಬರುತ್ತದೆ. ಅದು ಮಳೆಗಾಲ. ತಾಮ್ಹಿಣಿ, ಮಹಾಬಳೇಶ್ವರ ಕಡೆ ಜುಲೈನಲ್ಲಿ ಹೋದವರಿಗೆ ಗೊತ್ತು, ಒದ್ದೆ ಗ್ಲೌಸಿಗೆ ಗಾಳಿ ಬಡಿದರೆ 20 ಡಿಗ್ರಿಯಲ್ಲೂ ಬೆರಳು ಸೆಟೆದುಕೊಳ್ಳುತ್ತದೆ. ನನ್ನನ್ನು ಕೇಳಿದರೆ ಪುಣೆಯಲ್ಲಿರುವವರಿಗೆ ಹೀಟೆಡ್ ಗ್ರಿಪ್‌ನ ಲಾಭ ಚಳಿಗಾಲಕ್ಕಿಂತ ಮಳೆಗಾಲದ ಘಾಟ್‌ನಲ್ಲೇ ಜಾಸ್ತಿ. ಲಡಾಖ್, ಸ್ಪಿತಿ ಯೋಜನೆ ಇದ್ದವರಿಗಂತೂ ಹೇಳುವುದೇ ಬೇಡ.

ಖರ್ಚಿಗೆ ಮುಂಚೆ ಒಂದು ಪ್ರಯೋಗ ಮಾಡಿ ನೋಡಿ. ಹ್ಯಾಂಡ್ ಗಾರ್ಡ್ ಹಾಕಿಸಿ. ಅಂದರೆ ಕೈಯ ಮುಂದೆ ಬರುವ ಪ್ಲಾಸ್ಟಿಕ್ ತಡೆ. ಹೀಟೆಡ್ ಗ್ರಿಪ್ ಅಂಗೈಯನ್ನು ಬಿಸಿ ಮಾಡುತ್ತದೆ, ಆದರೆ ಗಾಳಿ ಹೊಡೆಯುವುದು ಬೆರಳಿನ ಹೊರಭಾಗಕ್ಕೆ. ಎಷ್ಟೋ ಜನರಿಗೆ ಹ್ಯಾಂಡ್ ಗಾರ್ಡ್ ಮತ್ತು ಗಾಳಿ ತೂರದ ಗ್ಲೌಸ್ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಮುಗಿಯದಿದ್ದರೂ ನಷ್ಟವಿಲ್ಲ, ಹೀಟೆಡ್ ಗ್ರಿಪ್ ಹಾಕಿದ ಮೇಲೂ ಗಾರ್ಡ್ ಬೇಕೇ ಬೇಕು.

ಸಕ್ಕರೆ ಕಾಯಿಲೆಯಿಂದಲೋ ಬೇರೆ ಕಾರಣದಿಂದಲೋ ಅಂಗೈಯಲ್ಲಿ ಸ್ಪರ್ಶ ಕಡಿಮೆ ಇರುವವರು ಮೊದಲು ಡಾಕ್ಟರನ್ನು ಕೇಳಿ. ಬಿಸಿ ಜಾಸ್ತಿಯಾದದ್ದು ಗೊತ್ತಾಗದೆ ಚರ್ಮ ಸುಡಬಹುದು.

ಯಾವ ಬಗೆಯದು ಕೊಳ್ಳಬೇಕು

ಪೇಟೆಯಲ್ಲಿ ನಾಲ್ಕು ಬಗೆ ಸಿಗುತ್ತವೆ.

ಪೂರ್ತಿ ಗ್ರಿಪ್ ಬದಲಿಸುವ ಕಿಟ್: ಹಳೆಯ ಹಿಡಿ ತೆಗೆದು ಇದನ್ನೇ ಹಾಕುವುದು. ಆಕ್ಸ್‌ಫರ್ಡ್, ಕೋಸೋ ಹೆಸರು ನೀವು ಕೇಳಿರುತ್ತೀರಿ. ಬೆಲೆ ಜಾಸ್ತಿ, ಆದರೆ ಬಾಳಿಕೆ ಚೆನ್ನಾಗಿದೆ, ಬಿಸಿ ಹೆಚ್ಚು ಕಡಿಮೆ ಮಾಡುವ ಕಂಟ್ರೋಲರ್ ಕೂಡ ಜೊತೆಗೇ ಬರುತ್ತದೆ. ಕೆಳಗಿನ ಹಂತಗಳನ್ನು ಬರೆದಿರುವುದು ಇದಕ್ಕೇ.

ಹಿಡಿಯ ಕೆಳಗೆ ಅಂಟಿಸುವ ತೆಳು ಪ್ಯಾಡ್: ಬೈಕಿನ ಸ್ವಂತ ಗ್ರಿಪ್ ಉಳಿಯುತ್ತದೆ, ಖರ್ಚು ಕಡಿಮೆ. ಇದರಲ್ಲಿ ಒಂದು ತೊಡಕಿದೆ. ಎಡಗಡೆ ಪ್ಯಾಡ್ ಕೂರುವುದು ಕಬ್ಬಿಣ ಅಥವಾ ಅಲ್ಯೂಮಿನಿಯಂ ಪೈಪಿನ ಮೇಲೆ, ಅದು ಬಿಸಿಯನ್ನು ಹೀರಿಕೊಳ್ಳುತ್ತದೆ. ಬಲಗಡೆ ಕೂರುವುದು ಆಕ್ಸಿಲರೇಟರ್‌ನ ಪ್ಲಾಸ್ಟಿಕ್ ಕೊಳವೆಯ ಮೇಲೆ, ಅಲ್ಲಿ ಬಿಸಿ ನಿಲ್ಲುತ್ತದೆ. ಹೀಗಾಗಿ ಬಲಗೈ ಸುಡುತ್ತಿರುವಾಗ ಎಡಗೈ ತಣ್ಣಗೇ ಇರುತ್ತದೆ. ಎಡಗಡೆ ಪ್ಯಾಡಿನ ಕೆಳಗೆ ಒಂದು ಪದರ ಹೀಟ್ ಶ್ರಿಂಕ್ ತೋಳು ಹಾಕಿದರೆ ಬಹುಪಾಲು ಸರಿಹೋಗುತ್ತದೆ. ಹೀಟ್ ಶ್ರಿಂಕ್ ಅಂದರೆ ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ.

ಗ್ರಿಪ್ ಮೇಲೆ ಸುತ್ತುವ ಕವರ್: ಹಿಡಿ ದಪ್ಪವಾಗುತ್ತದೆ, ಬಲಗಡೆ ಜಾರುವ ಭಯ ಇದೆ. ನಾನು ಶಿಫಾರಸು ಮಾಡುವುದಿಲ್ಲ.

ಯುಎಸ್‌ಬಿ ಕರೆಂಟಿನಲ್ಲಿ ನಡೆಯುವುದು: 5 ವೋಲ್ಟ್, 2 ಆಂಪ್ ಅಂದರೆ ಎರಡೂ ಕೈಗೆ ಸೇರಿ 10 ವ್ಯಾಟ್. ಹೈವೇ ಗಾಳಿಗೆ ಅದು ಯಾವ ಮೂಲೆಗೂ ಸಾಲದು. ಅಗ್ಗ ಅಂತ ಕೊಂಡು ಬೇಸರ ಮಾಡಿಕೊಳ್ಳಬೇಡಿ.

ಕೊಳ್ಳುವ ಮುಂಚೆ ಅಳತೆ ತೆಗೆದುಕೊಳ್ಳಿ. ನಮ್ಮಲ್ಲಿನ ಹೆಚ್ಚಿನ ಬೈಕುಗಳ ಹ್ಯಾಂಡಲ್ ಪೈಪ್ ಗ್ರಿಪ್ ಕೂರುವ ಜಾಗದಲ್ಲಿ 22 ಮಿ.ಮೀ. ದಪ್ಪ. ಹಾರ್ಲಿಯಂಥ ಕೆಲವು ಕ್ರೂಸರ್‌ಗಳಲ್ಲಿ ಒಂದು ಇಂಚು, ಅಂದರೆ 25.4 ಮಿ.ಮೀ. ಹಳೆಯ ಗ್ರಿಪ್‌ನ ಉದ್ದವನ್ನೂ ಅಳೆಯಿರಿ. ಉದ್ದ ಹೊಂದದಿದ್ದರೆ ಹ್ಯಾಂಡಲ್ ತುದಿಯಲ್ಲಿರುವ ತೂಕದ ಬಿಲ್ಲೆಗೆ ಉಜ್ಜುತ್ತದೆ. ನೀರು ತಡೆಯುವ ಗುಣವನ್ನು ಐಪಿ ಸಂಖ್ಯೆ ಹೇಳುತ್ತದೆ. ಐಪಿ67 ಅಂದರೆ ಧೂಳು ಒಳಗೆ ಹೋಗುವುದಿಲ್ಲ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ ಎಂದರ್ಥ. ಸಹ್ಯಾದ್ರಿ ಮಳೆಯಲ್ಲಿ ಓಡಿಸುವವರು ಕಂಟ್ರೋಲರ್‌ಗೆ ಈ ಸಂಖ್ಯೆ ಇದೆಯಾ ನೋಡಿ.

ಸ್ಕೂಟರ್ ಇರುವವರಿಗೆ ಒಂದು ಮಾತು. ಮುಂದಿನ ಪ್ಲಾಸ್ಟಿಕ್ ಎಲ್ಲ ಬಿಚ್ಚಬೇಕು, ಕರೆಂಟ್ ತಯಾರಾಗುವುದೂ ಕಡಿಮೆ. 100-110 ಸಿಸಿ ಬೈಕುಗಳಿಗೂ ಕರೆಂಟಿನ ಮಾತು ಅನ್ವಯಿಸುತ್ತದೆ. ಎಲೆಕ್ಟ್ರಿಕ್ ಸ್ಕೂಟರ್ ಆದರೆ ಕಂಪನಿಯವರನ್ನು ಕೇಳದೆ ಅದರ ವೈರಿಂಗ್ ಮುಟ್ಟಲೇಬೇಡಿ.

ಹಂತ 1: ಕರೆಂಟಿನ ಲೆಕ್ಕ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ಆಮೇಲೆ ಬ್ಯಾಟರಿ ಸತ್ತಾಗ ಗ್ರಿಪ್‌ಗೆ ಬೈಯುತ್ತಾರೆ.

ಲೆಕ್ಕ ಸುಲಭ. ವೋಲ್ಟನ್ನು ಆಂಪ್‌ನಿಂದ ಗುಣಿಸಿದರೆ ವ್ಯಾಟ್. 36 ವ್ಯಾಟ್‌ನ ಜೋಡಿ ಗ್ರಿಪ್ 12 ವೋಲ್ಟ್‌ನಲ್ಲಿ 3 ಆಂಪ್ ಎಳೆಯುತ್ತದೆ. ಸಾಮಾನ್ಯವಾಗಿ ಒಂದು ಜೋಡಿ 30ರಿಂದ 50 ವ್ಯಾಟ್‌ವರೆಗೆ ಇರುತ್ತದೆ. ಇಂಜಿನ್ ಓಡುವಾಗ ಈ ಕರೆಂಟ್ ಕೊಡುವುದು ಬ್ಯಾಟರಿ ಅಲ್ಲ, ಆಲ್ಟರ್ನೇಟರ್. ಇಂಜಿನ್ ತಿರುಗಿದಂತೆ ಕರೆಂಟ್ ತಯಾರಿಸುವ ಭಾಗ ಅದು. ಅದರ ಶಕ್ತಿ ಎಷ್ಟು ವ್ಯಾಟ್ ಅಂತ ಬೈಕಿನ ಮ್ಯಾನುಯಲ್‌ನಲ್ಲೋ ಸರ್ವಿಸ್ ಸೆಂಟರ್‌ನಲ್ಲೋ ತಿಳಿದುಕೊಳ್ಳಿ.

ಒಂದು ಉದಾಹರಣೆ ನೋಡೋಣ. ನಿಮ್ಮ ಆಲ್ಟರ್ನೇಟರ್ 220 ವ್ಯಾಟ್‌ನದು ಅಂದುಕೊಳ್ಳಿ. ಹ್ಯಾಲೋಜನ್ ಹೆಡ್‌ಲೈಟ್ 55-60 ವ್ಯಾಟ್ ತಿನ್ನುತ್ತದೆ. ಇಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪ್, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್), ಇಗ್ನಿಷನ್, ಮೀಟರ್, ಹಿಂದಿನ ದೀಪ ಎಲ್ಲಕ್ಕೂ ಸೇರಿ 80 ವ್ಯಾಟ್ ಹಿಡಿಯಿರಿ. ಉಳಿದದ್ದು ಸುಮಾರು 80. ಅದರಲ್ಲಿ 40 ವ್ಯಾಟ್ ಗ್ರಿಪ್‌ಗೆ ಧಾರಾಳ ಜಾಗ ಇದೆ. ಅದರ ಮೇಲೆ 40 ವ್ಯಾಟ್‌ನ ಫಾಗ್ ಲೈಟ್, ಮೊಬೈಲ್ ಚಾರ್ಜರ್ ಎಲ್ಲ ಸೇರಿದರೆ ಲೆಕ್ಕ ತಪ್ಪಿತು. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಹೆಡ್‌ಲೈಟ್ ಯಾವಾಗಲೂ ಉರಿಯುವ ನಿಯಮ ಬಂದಿದೆ. ಹಾಗಾಗಿ ಅದನ್ನು ಆರಿಸಿ ಕರೆಂಟ್ ಉಳಿಸುವ ದಾರಿಯೂ ಇಲ್ಲ.

ಇನ್ನೊಂದು ಸಂಗತಿ. ಆ 220 ವ್ಯಾಟ್ ಸಿಗುವುದು ಇಂಜಿನ್ ಜೋರಾಗಿ ತಿರುಗುವಾಗ. ಸ್ವಾರ್‌ಗೇಟ್ ಸಿಗ್ನಲ್‌ನಲ್ಲಿ ಬೈಕ್ ಸುಮ್ನೆ ಗುರುಗುಟ್ಟುತ್ತಾ ನಿಂತಿರುವಾಗ ಸಿಗುವುದು ಬಹಳ ಕಡಿಮೆ. ಸಿಟಿ ಒಳಗೆ ಗ್ರಿಪ್ ಆಫ್ ಇಡಿ ಎನ್ನುವುದು ಇದಕ್ಕೇ.

ಕಾಗದದ ಲೆಕ್ಕಕ್ಕಿಂತ ಮಲ್ಟಿಮೀಟರ್ ನಂಬಿ. ಅದು ವೋಲ್ಟ್ ಅಳೆಯುವ ಸಣ್ಣ ಉಪಕರಣ. ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಬ್ಯಾಟರಿಯ ಎರಡು ತುದಿಗೆ ಹಿಡಿದು ಹೀಗೆ ನೋಡಿ:

ಇಂಜಿನ್ ನಿಂತಿರುವಾಗ 12.5ರಿಂದ 12.8 ವೋಲ್ಟ್ ಇರಬೇಕು.

ಇಂಜಿನ್ 4000 ಆರ್‌ಪಿಎಮ್ (ನಿಮಿಷಕ್ಕೆ 4000 ಸುತ್ತು) ಹತ್ತಿರ ಇರುವಾಗ 13.8ರಿಂದ 14.5 ಬರಬೇಕು.

ಅದೇ ವೇಗದಲ್ಲಿ ಹೈ ಬೀಮ್, ಬ್ರೇಕ್ ಲೈಟ್, ಇಂಡಿಕೇಟರ್, ಇದ್ದರೆ ಫಾಗ್ ಲೈಟ್ ಎಲ್ಲ ಹಾಕಿ. ಆಗಲೂ 13ಕ್ಕಿಂತ ಕೆಳಗೆ ಇಳಿಯಬಾರದು.

ಈಗಾಗಲೇ ಇಳಿಯುತ್ತಿದ್ದರೆ ಗ್ರಿಪ್ ಮಾತು ಬಿಡಿ, ಮೊದಲು ಚಾರ್ಜಿಂಗ್ ಸರಿ ಮಾಡಿಸಿ.

ಹಂತ 2: ಸಾಮಾನು ಜೋಡಿಸಿ, ಮೇಜಿನ ಮೇಲೇ ಪರೀಕ್ಷೆ ಮಾಡಿ

ಕಿಟ್ ಬಿಟ್ಟು ಬೇಕಾಗುವುದು: ನಾಲ್ಕು ಕಾಲಿನ 12 ವೋಲ್ಟ್ ರಿಲೇ (ಇದೇನೆಂದು ಹಂತ 8ರಲ್ಲಿ ಹೇಳಿದ್ದೇನೆ), ಫ್ಯೂಸ್ ಹೋಲ್ಡರ್ ಮತ್ತು ಫ್ಯೂಸುಗಳು, 1 ಚದರ ಮಿ.ಮೀ. ಆಟೋ ವೈರ್ ಕೆಂಪು ಕಪ್ಪು ಎರಡೂ, ಬ್ಯಾಟರಿಗೆ ಕೂರಿಸುವ ಉಂಗುರದ ಲಗ್, ಹೀಟ್ ಶ್ರಿಂಕ್, ಕೇಬಲ್ ಟೈ, ಅಲೆನ್ ಕೀ, ಕಟರ್, ಅರ, ಸ್ಯಾಂಡ್‌ಪೇಪರ್. ಬೈಕಿನ ಭಾಗಗಳಿಗೆ ನಾನಾ ಪೇಠೆ, ವೈರು ರಿಲೇಗಳಿಗೆ ತಾಪ್ಕೀರ್ ಗಲ್ಲಿ. ಎರಡೂ ಭಾನುವಾರಕ್ಕೆ ಬಿಡಬೇಡಿ, ಅರ್ಧ ಅಂಗಡಿ ಬಾಗಿಲು ಹಾಕಿರುತ್ತವೆ.

ಯಾವುದನ್ನೂ ಬಿಚ್ಚುವ ಮುಂಚೆ ಕಿಟ್ಟನ್ನು ಮೇಜಿನ ಮೇಲೆ ಜೋಡಿಸಿ, ಫ್ಯೂಸ್ ಸಮೇತ ಒಂದು 12 ವೋಲ್ಟ್ ಬ್ಯಾಟರಿಗೆ ಕೊಡಿ. ಕೆಲವು ನಿಮಿಷದಲ್ಲಿ ಎರಡೂ ಹಿಡಿ ಒಂದೇ ರೀತಿ ಬೆಚ್ಚಗಾಗಬೇಕು. ಅಂಟಿಸಿದ ಮೇಲೆ ಒಂದು ಕೆಟ್ಟಿದೆ ಅಂತ ಗೊತ್ತಾದರೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಆಮೇಲೆ ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರಾ?

ಹಂತ 3: ಬ್ಯಾಟರಿ ಬಿಚ್ಚಿ

ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್. ವಾಪಸ್ ಹಾಕುವಾಗ ಉಲ್ಟಾ. ನೆಗೆಟಿವ್ ಇರುವಾಗಲೇ ಪಾಸಿಟಿವ್ ಬಿಚ್ಚಲು ಹೋಗಿ ಸ್ಪ್ಯಾನರ್ ಚಾಸಿಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ. ಸೀಟು ತೆಗೆಯಿರಿ, ಟ್ಯಾಂಕ್ ಎತ್ತಬೇಕಾದರೆ ಎತ್ತಿ.

ಹಂತ 4: ಹಳೆಯ ಗ್ರಿಪ್ ತೆಗೆಯಿರಿ

ಹ್ಯಾಂಡಲ್ ತುದಿಯ ತೂಕದ ಬಿಲ್ಲೆಗಳನ್ನು ಮೊದಲು ಬಿಚ್ಚಬೇಕು. ಅವುಗಳ ಸ್ಕ್ರೂಗೆ ಕಂಪನಿಯಲ್ಲೇ ಅಂಟು ಹಾಕಿ ಬಿಗಿ ಮಾಡಿರುತ್ತಾರೆ, ಹಾಗಾಗಿ ಸರಿಯಾದ ಅಳತೆಯ ಬಿಟ್ ಬೇಕು. ಸಿಕ್ಕಿದ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಸವೆದು ಹೋಗುತ್ತದೆ.

ಹಳೆಯ ಗ್ರಿಪ್ ಇಟ್ಟುಕೊಳ್ಳಬೇಕೆಂದರೆ ತೆಳುವಾದ ಚಪ್ಪಟೆ ಸ್ಕ್ರೂಡ್ರೈವರ್ ಒಳಗೆ ತೂರಿಸಿ, ಸೋಪಿನ ನೀರು ಬಿಟ್ಟು, ತಿರುಚುತ್ತಾ ಎಳೆಯಿರಿ. ಗ್ಯಾರೇಜಿನ ಗಾಳಿ ಪೈಪ್ ಸಿಕ್ಕರೆ ಇನ್ನೂ ಸುಲಭ. ಬೇಡ ಅಂದರೆ ಕಟರ್‌ನಿಂದ ಉದ್ದಕ್ಕೆ ಸೀಳಿ. ಆದರೆ ಬಲಗಡೆ ಕೈ ಹಗುರ ಇರಲಿ, ರಬ್ಬರ್ ಕೆಳಗಿರುವುದು ಪ್ಲಾಸ್ಟಿಕ್ ಕೊಳವೆ. ಎಣ್ಣೆ ಸ್ಪ್ರೇ ಬಳಸಿದ್ದರೆ ಆಮೇಲೆ ಸ್ಪಿರಿಟ್ ಹಾಕಿ ಪೂರ್ತಿ ಒರೆಸಬೇಕು. ಜಿಡ್ಡಿನ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ.

ಹಂತ 5: ಎಡಗಡೆಯ ಗ್ರಿಪ್

ಕಿಟ್‌ನಲ್ಲಿ ಎಡ ಬಲ ಬೇರೆ ಬೇರೆ. ಒಳಗಿನ ತೂತು ದೊಡ್ಡದಿರುವುದು ಬಲಗಡೆಗೆ. ಅಂಟು ಹಾಕುವ ಮುಂಚೆ ಒಣದಾಗಿ ತೂರಿಸಿ ನೋಡಿ. ವೈರ್ ಹೊರಬರುವ ಜಾಗ ಕ್ಲಚ್ ಲಿವರ್‌ಗೆ ತಾಗಬಾರದು, ಹೆಬ್ಬೆರಳಿಗೂ ಅಡ್ಡ ಬರಬಾರದು. ಸಾಮಾನ್ಯವಾಗಿ ಕೆಳಗೆ, ಸ್ವಲ್ಪ ಮುಂದಕ್ಕೆ ಸರಿಹೊಂದುತ್ತದೆ. ಮಾರ್ಕರ್‌ನಲ್ಲಿ ಗುರುತು ಹಾಕಿಕೊಳ್ಳಿ.

ಕಿಟ್ ಜೊತೆ ಬರುವ ಅಂಟು ಹೆಚ್ಚಾಗಿ ಸೂಪರ್ ಗ್ಲೂ ಜಾತಿಯದು. ಕೆಲವೇ ಸೆಕೆಂಡಿನಲ್ಲಿ ಹಿಡಿದುಬಿಡುತ್ತದೆ. ಹಾಗಾಗಿ ಪೈಪಿಗೆ ಹಚ್ಚಿ, ಒಂದೇ ಉಸಿರಿಗೆ ತಳ್ಳಿ, ಗುರುತಿಗೆ ತಂದು ಬಿಡಿ. ಅರ್ಧಕ್ಕೆ ನಿಲ್ಲಿಸಿದರೆ ಅರ್ಧದಲ್ಲೇ ನಿಲ್ಲುತ್ತದೆ.

ಹಂತ 6: ಬಲಗಡೆ, ಅಂದರೆ ಥ್ರಾಟಲ್ ಕಡೆ

ಥ್ರಾಟಲ್ ಅಂದರೆ ನಾವು ರೇಸ್ ಕೊಡುವ ಹಿಡಿ. ಪೂರ್ತಿ ಕೆಲಸದಲ್ಲಿ ಜೀವಕ್ಕೆ ಸಂಬಂಧಪಟ್ಟದ್ದು ಇದೊಂದೇ. ಅವಸರ ಬೇಡ.

ಎಷ್ಟೋ ಬೈಕುಗಳಲ್ಲಿ ಥ್ರಾಟಲ್ ಕೊಳವೆಯ ಮೇಲೆ ಉಬ್ಬಿದ ಗೆರೆಗಳಿರುತ್ತವೆ. ಕಂಪನಿಯ ರಬ್ಬರ್ ಜಾರದಿರಲಿ ಅಂತ ಮಾಡಿದ್ದು. ಹೀಟೆಡ್ ಗ್ರಿಪ್‌ನ ಒಳಮೈ ಗಟ್ಟಿ, ಹಿಗ್ಗುವುದಿಲ್ಲ. ಹೀಗಾಗಿ ಆ ಗೆರೆಗಳನ್ನು ಅರದಿಂದ ತೇಯ್ದು, ಸ್ಯಾಂಡ್‌ಪೇಪರ್ ಹಾಕಿ ನಯ ಮಾಡಬೇಕು. ಸ್ವಲ್ಪ ತೇಯಿರಿ, ತೂರಿಸಿ ನೋಡಿ, ಮತ್ತೆ ತೇಯಿರಿ. ಕೈಬಲದಿಂದ ಪೂರ್ತಿ ಒಳಗೆ ಹೋಗುವಷ್ಟಾದರೆ ಸಾಕು. ಸುತ್ತಿಗೆಯಿಂದ ಬಡಿದರೆ ಒಳಗಿನ ಕಾಯಿಲ್ ಕಡಿಯುತ್ತದೆ. ತೇಯ್ದ ಪುಡಿ ಕೊಳವೆಯೊಳಗೆ ಸೇರದಂತೆ ಬಾಯಿಗೆ ಬಟ್ಟೆ ತುರುಕಿ. ಕೊಳವೆ ಹಾಳಾದರೆ ಅನ್ನುವ ಭಯ ಇದ್ದರೆ ಇನ್ನೊಂದು ಕೊಳವೆ ಕೊಂಡು ಅದನ್ನೇ ತೇಯಿರಿ, ದುಬಾರಿ ಏನಲ್ಲ. ಕೇಬಲ್ ಇಲ್ಲದ ರೈಡ್ ಬೈ ವೈರ್ ಬೈಕುಗಳಲ್ಲಿ ಮಾತ್ರ ಈ ಭಾಗದೊಳಗೆ ಸೆನ್ಸರ್ ಇರಬಹುದು. ಅಂಥ ಬೈಕಿಗೆ ಆ ಮಾಡೆಲ್‌ಗೆಂದೇ ಮಾಡಿದ ಗ್ರಿಪ್ ಹುಡುಕುವುದು ಒಳ್ಳೆಯದು.

ಈಗ ವೈರ್. ಈ ಗ್ರಿಪ್ ತಿರುಗುತ್ತದೆ, ಜೊತೆಗೆ ವೈರೂ ತಿರುಗುತ್ತದೆ. ಒಣದಾಗಿ ಕೂರಿಸಿ, ಥ್ರಾಟಲ್ ಪೂರ್ತಿ ತಿರುಗಿಸಿ, ಬಿಡಿ. ವೈರ್ ಬ್ರೇಕ್ ಲಿವರ್‌ಗಾಗಲಿ ಸ್ವಿಚ್ ಡಬ್ಬಿಗಾಗಲಿ ತಾಗಬಾರದು, ಎಲ್ಲೂ ಬಿಗಿಯಾಗಬಾರದು. ಗ್ರಿಪ್‌ನಿಂದ ಹೊರಬಂದ ಕೂಡಲೇ ಒಂದು ಸಡಿಲವಾದ ಸುತ್ತು ಬಿಟ್ಟು, ಆಮೇಲಷ್ಟೇ ಮೊದಲ ಕೇಬಲ್ ಟೈ ಹಾಕಬೇಕು. ಬಿಗಿಯಾಗಿ ಕಟ್ಟಿದ ವೈರ್ ಸ್ಪ್ರಿಂಗ್‌ನ ಹಾಗೆ ಎಳೆದು ಥ್ರಾಟಲನ್ನು ತೆರೆದೇ ಇಡಬಹುದು. ಘಾಟ್ ತಿರುವಿನಲ್ಲಿ ಹಾಗಾದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಗ್ರಿಪ್ ಮತ್ತು ಸ್ವಿಚ್ ಡಬ್ಬಿಯ ನಡುವೆ 2 ಮಿ.ಮೀ. ಜಾಗ ಬಿಡಿ. ತುದಿಯ ಬಿಲ್ಲೆಯ ಕಡೆಯೂ ಹಾಗೇ. ಅಂಟಿಸುವಾಗ ಜಾಗದ ಅಳತೆಗೆ ದಪ್ಪ ರಟ್ಟಿನ ತುಂಡು ಇಟ್ಟು, ಕೂತ ಮೇಲೆ ತೆಗೆಯಬಹುದು. ಅಂಟು ಕಡಿಮೆ ಹಾಕಿ. ಜಾಸ್ತಿ ಹಾಕಿದರೆ ಹರಿದು ಕೊಳವೆಯನ್ನು ಪೈಪಿಗೇ ಅಂಟಿಸಿಬಿಡುತ್ತದೆ.

ಹಂತ 7: ಕಂಟ್ರೋಲರ್

ಬಿಸಿ ಹೆಚ್ಚು ಕಡಿಮೆ ಮಾಡುವ ಗುಂಡಿ ಇರುವ ಡಬ್ಬಿ ಇದು. ಗ್ಲೌಸ್ ಹಾಕಿದ ಎಡಗೈ ಹೆಬ್ಬೆರಳಿಗೆ ಸಿಗುವ ಕಡೆ ಕೂರಿಸಿ. ವೈರ್ ಕೆಳಮುಖವಾಗಿ ಬರಲಿ, ನೀರು ಒಳಗೆ ಇಳಿಯುವುದಿಲ್ಲ.

ಹಂತ 8: ಕರೆಂಟ್ ಕೊಡುವುದು

ಮೂರು ದಾರಿಗಳಿವೆ.

ನೇರ ಬ್ಯಾಟರಿಗೆ ಕೊಡುವುದು ಎಲ್ಲಕ್ಕಿಂತ ಸುಲಭ. ಆದರೆ ಆಫ್ ಮಾಡಲು ಮರೆತರೆ ಕಥೆ ಮುಗಿಯಿತು. 8 ಆಂಪ್ ಅವರ್ ಬ್ಯಾಟರಿಯಿಂದ ಗಂಟೆಗೆ 3 ಆಂಪ್ ಅವರ್ ಹೋದರೆ ಮೂರು ಗಂಟೆಯೊಳಗೆ ಖಾಲಿ. ಸೆಲ್ಫ್ ಸ್ಟಾರ್ಟ್ ಅದಕ್ಕೂ ಎಷ್ಟೋ ಮುಂಚೆ ಕೈ ಕೊಡುತ್ತದೆ. ವೋಲ್ಟೇಜ್ ಇಳಿದರೆ ತಾನೇ ಆಫ್ ಆಗುವ ಕಂಟ್ರೋಲರ್‌ಗಳಿವೆ. ಇದ್ದರೂ ಅದನ್ನೇ ನಂಬಿ ಕೂರಬೇಡಿ.

ಹಾರ್ನ್ ಅಥವಾ ಹೆಡ್‌ಲೈಟ್ ವೈರನ್ನು ಕೊರೆದು ಅಲ್ಲಿಂದಲೇ ಎಳೆಯುವುದು ಎರಡನೆಯದು. ರಸ್ತೆ ಬದಿಯ ಗ್ಯಾರೇಜಿನಲ್ಲಿ ಹೆಚ್ಚಾಗಿ ಮಾಡುವುದು ಇದನ್ನೇ. ಮೆಕ್ಯಾನಿಕ್ ಎಷ್ಟೇ ನಗುತ್ತಾ "ಚಾಲತಂಯ್" (ನಡೆಯುತ್ತೆ ಬಿಡಿ) ಅಂದರೂ ಒಪ್ಪಬೇಡಿ. ಆ ವೈರ್ ಮತ್ತು ಅದರ ಫ್ಯೂಸ್ ಇರುವುದು ಅದರ ಕೆಲಸಕ್ಕೆ ತಕ್ಕಷ್ಟೇ. ಮೇಲೆ 3 ಆಂಪ್ ಹೇರಿದರೆ ಫ್ಯೂಸ್ ಹೋಗಿ ಕತ್ತಲಲ್ಲಿ ಹೆಡ್‌ಲೈಟೂ ಹೋಗಬಹುದು. ಕಂಪನಿ ವೈರಿಂಗ್ ಕತ್ತರಿಸಿದ್ದಕ್ಕೆ ವಾರಂಟಿ ತಕರಾರು ಬೇರೆ.

ಮೂರನೆಯದು ರಿಲೇ. ಇದನ್ನೇ ಮಾಡಿ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್. ಅದರ ಅಡಿಯಲ್ಲಿ ನಾಲ್ಕು ಕಾಲು, ಪಕ್ಕದಲ್ಲಿ ಸಂಖ್ಯೆ ಬರೆದಿರುತ್ತದೆ:

30: ಬ್ಯಾಟರಿ ಪಾಸಿಟಿವ್‌ನಿಂದ, ಫ್ಯೂಸ್ ಮೂಲಕ ಬರುವ ವೈರ್.

87: ಗ್ರಿಪ್ ಕಂಟ್ರೋಲರ್‌ನ ಪಾಸಿಟಿವ್‌ಗೆ ಹೋಗುವ ವೈರ್.

86: ಚಾವಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಯಾವುದಾದರೂ ವೈರ್. ಹಿಂದಿನ ದೀಪ ಅಥವಾ ನಂಬರ್ ಪ್ಲೇಟ್ ದೀಪದ ಪಾಸಿಟಿವ್ ಹತ್ತಿರದಲ್ಲೇ ಸಿಗುತ್ತದೆ. ಬ್ರೇಕ್ ದೀಪದ್ದಲ್ಲ, ಬ್ರೇಕ್ ಒತ್ತಿದಾಗ ಮಾತ್ರ ಕೈ ಬಿಸಿಯಾದೀತು.

85: ಬ್ಯಾಟರಿ ನೆಗೆಟಿವ್.

ರಿಲೇ ಆನ್ ಮಾಡಲು ಬೇಕಾಗುವುದು ಒಂದು ಆಂಪ್‌ನ ಸಣ್ಣ ಭಾಗ. ಹಾಗಾಗಿ ಹಿಂದಿನ ದೀಪದ ವೈರಿಗೆ ಭಾರವಾಗುವುದಿಲ್ಲ. ಚಾವಿ ತೆಗೆದರೆ ಗ್ರಿಪ್ ತಾನೇ ಆಫ್. ಒಳಗೆ ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ, ಇರುವ ರಿಲೇ ಕೊಂಡಿದ್ದರೆ 85 ಮತ್ತು 86 ಅದಲು ಬದಲಾಗಬಾರದು. ನಿಮ್ಮ ಬೈಕಿನಲ್ಲಿ ಕಂಪನಿಯವರೇ ಕೊಟ್ಟ 12 ವೋಲ್ಟ್ ಆಕ್ಸೆಸರಿ ಪ್ಲಗ್ ಇದ್ದು, ಅದು ಎಷ್ಟು ಆಂಪ್ ತಡೆಯುತ್ತದೆ ಎಂದು ಮ್ಯಾನುಯಲ್‌ನಲ್ಲಿದ್ದರೆ ರಿಲೇ ಇಲ್ಲದೆಯೂ ಆಗಬಹುದು. ಕ್ಯಾನ್ ಬಸ್ ಇರುವ ಬೈಕಿನಲ್ಲಿ, ಅಂದರೆ ಕಂಪ್ಯೂಟರೇ ದೀಪಗಳ ಮೇಲೆ ನಿಗಾ ಇಡುವ ಬೈಕಿನಲ್ಲಿ, ದೀಪದ ವೈರ್ ಮುಟ್ಟಿದರೆ ಮೀಟರ್‌ನಲ್ಲಿ ತಪ್ಪು ತೋರಿಸಬಹುದು. ಅಲ್ಲಿ ಆಕ್ಸೆಸರಿ ಪ್ಲಗ್ಗೇ ಸರಿ.

ಫ್ಯೂಸ್ ವಿಷಯದಲ್ಲಿ ಗೊಂದಲ ಜಾಸ್ತಿ. ಫ್ಯೂಸ್ ಇರುವುದು ಗ್ರಿಪ್ ಕಾಪಾಡಲು ಅಲ್ಲ, ವೈರಿಗೆ ಬೆಂಕಿ ಹತ್ತದಿರಲಿ ಅಂತ. ಹಾಗಾಗಿ ಅದು ಬ್ಯಾಟರಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಬ್ಯಾಟರಿಯಿಂದ ಫ್ಯೂಸ್‌ವರೆಗಿನ ವೈರಿಗೆ ಯಾವ ರಕ್ಷಣೆಯೂ ಇರುವುದಿಲ್ಲ. 3 ಆಂಪ್ ಗ್ರಿಪ್‌ಗೆ 5 ಆಂಪ್ ಫ್ಯೂಸ್ ಸಾಕು, ಕಿಟ್‌ನವರು ಬೇರೆ ಹೇಳಿದ್ದರೆ ಅದನ್ನೇ ಹಾಕಿ. ಫ್ಯೂಸ್ ಹೋಗುತ್ತಿದೆ ಅಂತ 15 ಆಂಪ್ ತುರುಕುವುದು, ಬೆಳ್ಳಿ ಕಾಗದ ಸುತ್ತುವುದು ಬೇಡ.

ನೆಗೆಟಿವ್ ವೈರನ್ನು ಬಣ್ಣ ಬಳಿದ ಚಾಸಿಗೆ ಕಟ್ಟದೆ ನೇರ ಬ್ಯಾಟರಿಗೇ ತನ್ನಿ. ಜೋಡಣೆಗೆ ಬರೀ ಟೇಪ್ ಸುತ್ತಿದರೆ ಒಂದು ಮಳೆಗಾಲದಲ್ಲಿ ಅಂಟು ಬಿಟ್ಟು, ಒಳಗೆ ಹಸಿರು ಪಾಚಿಯಂತೆ ತುಕ್ಕು ಕೂರುತ್ತದೆ. ಕ್ರಿಂಪ್ (ಲೋಹದ ತುಂಡಿನಲ್ಲಿ ವೈರ್ ಇಟ್ಟು ಒತ್ತಿ ಬಿಗಿ ಮಾಡುವುದು) ಅಥವಾ ಬೆಸುಗೆ ಮಾಡಿ, ಮೇಲೆ ಹೀಟ್ ಶ್ರಿಂಕ್ ಹಾಕಿ.

ಹ್ಯಾಂಡಲ್‌ನಿಂದ ಹಿಂದಕ್ಕೆ ವೈರ್ ತರುವಾಗ ಕಂಪನಿಯ ವೈರುಗಳು ಹೋಗುವ ದಾರಿಯಲ್ಲೇ ತನ್ನಿ. ಹ್ಯಾಂಡಲ್ ತಿರುಗುವ ಕತ್ತಿನ ಹತ್ತಿರ ಸಡಿಲ ಬಿಡಿ. ಹೆಚ್ಚಿನ ವೈರುಗಳು ಕಡಿಯುವುದು, ಉಜ್ಜಿ ಶಾರ್ಟ್ ಆಗುವುದು ಇಲ್ಲೇ. ಸೈಲೆನ್ಸರ್ ಪೈಪ್, ಇಂಜಿನ್ ತಲೆಯ ಹತ್ತಿರ ಸುಳಿಯಬಾರದು.

ಹಂತ 9: ಓಡಿಸುವ ಮುಂಚೆ ಪರೀಕ್ಷೆ

ಅಂಟು ಒಂದು ರಾತ್ರಿ ಒಣಗಲಿ. ಆಮೇಲೆ ಬ್ಯಾಟರಿ ಹಾಕಿ, ಬೈಕನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ.

ಇಂಜಿನ್ ಆಫ್ ಇರುವಾಗ ಥ್ರಾಟಲ್ ಪೂರ್ತಿ ತಿರುಗಿಸಿ ಬಿಡಿ. ಟಕ್ ಅಂತ ವಾಪಸ್ ಬರಬೇಕು. ಹ್ಯಾಂಡಲ್ ನೇರ, ಪೂರ್ತಿ ಎಡ, ಪೂರ್ತಿ ಬಲ, ಮೂರೂ ಕಡೆ ನೋಡಿ. ನಿಧಾನಕ್ಕೆ ಬಂದರೂ ಅದು ಪಾಸ್ ಅಲ್ಲ. ಮತ್ತೆ ಬಿಚ್ಚಿ.

ಇಂಜಿನ್ ಸ್ಟಾರ್ಟ್ ಮಾಡಿ, ಥ್ರಾಟಲ್ ಮುಟ್ಟದೆ ಹ್ಯಾಂಡಲನ್ನು ಎರಡೂ ಕಡೆ ತಿರುಗಿಸಿ. ಇಂಜಿನ್ ಸದ್ದು ಏರಬಾರದು. ಏರಿದರೆ ಹೊಸ ವೈರೋ ಥ್ರಾಟಲ್ ಕೇಬಲ್ಲೋ ಎಲ್ಲೋ ಎಳೆಯುತ್ತಿದೆ.

ಕ್ಲಚ್, ಬ್ರೇಕ್ ಲಿವರ್ ಪೂರ್ತಿ ಒಳಗೆ ಬರುತ್ತವೆಯಾ ನೋಡಿ. ಗ್ರಿಪ್ ಮೊದಲಿಗಿಂತ ಸ್ವಲ್ಪ ದಪ್ಪ ಇರುವುದರಿಂದ ಲಿವರ್ ದೂರ ಅನ್ನಿಸಬಹುದು, ಅಡ್ಜಸ್ಟ್ ಮಾಡಿಕೊಳ್ಳಿ.

ಕೊನೆಗೆ ಗ್ರಿಪ್ ಪೂರ್ತಿ ಬಿಸಿಗೆ ಇಟ್ಟು 4000 ಆರ್‌ಪಿಎಮ್‌ನಲ್ಲಿ ವೋಲ್ಟ್ ನೋಡಿ. 13.3 ಅಥವಾ ಮೇಲೆ ಇದ್ದರೆ ನಿಶ್ಚಿಂತೆ. ಚಾವಿ ತೆಗೆದರೆ ಕಂಟ್ರೋಲರ್ ದೀಪ ಆರಬೇಕು.

ಮೊದಲ ಓಟ ಮನೆ ಸುತ್ತಮುತ್ತಲೇ ಇರಲಿ. ನೇರ ಘಾಟಿಗೆ ಹೋಗಬೇಡಿ.

ಮತ್ತೆ ಮತ್ತೆ ಬರುವ ಇತರ ಪ್ರಶ್ನೆಗಳು

ಮೈಲೇಜ್ ಕಡಿಮೆ ಆಗುತ್ತಾ? ಲೆಕ್ಕಕ್ಕೆ ಸಿಗುವಷ್ಟು ಇಲ್ಲ. ಇಂಜಿನ್ ಕೊಡುವ ಸಾವಿರಾರು ವ್ಯಾಟ್‌ನಲ್ಲಿ ಈ 40 ಎಲ್ಲಿಯ ಲೆಕ್ಕ?

ಯಾವ ಗ್ಲೌಸ್ ಹಾಕಬೇಕು? ಅಂಗೈ ಕಡೆ ತೆಳು, ಹೊರಗಡೆ ದಪ್ಪ ಇರುವುದು. ಹಿಮಾಲಯಕ್ಕೆಂದು ಕೊಂಡ ದಪ್ಪ ಗ್ಲೌಸ್ ಹಾಕಿದರೆ ಬಿಸಿ ಕೈವರೆಗೆ ತಲುಪುವುದೇ ಇಲ್ಲ.

ಹೇಗೆ ಬಳಸುವುದು? ಸ್ಟಾರ್ಟ್ ಮಾಡಿದ ಕೂಡಲೇ ಆನ್ ಮಾಡಬೇಡಿ, ಬ್ಯಾಟರಿ ಸುಧಾರಿಸಿಕೊಳ್ಳಲಿ. ಹೈವೇ ಸೇರಿದ ಮೇಲೆ ಪೂರ್ತಿ ಬಿಸಿಗೆ ಇಟ್ಟು, ಕೈ ಬೆಚ್ಚಗಾದ ಮೇಲೆ ಅರ್ಧಕ್ಕೆ ಇಳಿಸಿ. ಬೆರಳು ಮರಗಟ್ಟಿದ ಮೇಲೆ ಹಾಕುವುದಕ್ಕಿಂತ ಮುಂಚೆಯೇ ಹಾಕುವುದು ಒಳ್ಳೆಯದು.

ಬೈಕ್ ಮಾರುವಾಗ ತೆಗೆಯಬಹುದಾ? ಅಂಟಿಸಿದ ಗ್ರಿಪ್ ಹಾಳಾಗದೆ ಬರುವುದು ಅಪರೂಪ. ವೈರು, ರಿಲೇ, ಕಂಟ್ರೋಲರ್ ಬರುತ್ತವೆ. ಹಳೆಯ ಗ್ರಿಪ್, ಥ್ರಾಟಲ್ ಕೊಳವೆ ಎತ್ತಿಟ್ಟಿದ್ದರೆ ಬೈಕನ್ನು ಮೊದಲಿನಂತೆ ಮಾಡಬಹುದು.

ಒಂದೇ ಕಡೆ ಬಿಸಿಯಾಗುತ್ತಿದೆ, ಯಾಕೆ? ಮೊದಲು ಆ ಕಡೆಯ ಪ್ಲಗ್ ಸಡಿಲವಾಗಿದೆಯಾ ನೋಡಿ. ಸರಿ ಇದ್ದರೆ ಪ್ಲಗ್ ಬಿಚ್ಚಿ, ಗ್ರಿಪ್ ಕಡೆಯ ಎರಡು ಪಿನ್ನಿಗೆ ಮಲ್ಟಿಮೀಟರ್ ಅನ್ನು ಓಮ್‌ನಲ್ಲಿಟ್ಟು ಹಿಡಿಯಿರಿ. ಕೆಲವೇ ಓಮ್ ತೋರಿಸಿದರೆ ಗ್ರಿಪ್ ಚೆನ್ನಾಗಿದೆ, ತೊಂದರೆ ವೈರಿನಲ್ಲಿ. ಏನೂ ತೋರಿಸದಿದ್ದರೆ ಒಳಗಿನ ಕಾಯಿಲ್ ಕಡಿದಿದೆ. ಬಲಗಡೆಯದ್ದಾದರೆ ವೈರ್ ಹೊರಬರುವ ಬುಡದಲ್ಲೇ ತುಂಡಾಗಿರುವ ಸಾಧ್ಯತೆ ಜಾಸ್ತಿ, ದಿನಾ ತಿರುಗುವ ಜಾಗ ಅದು.

ಫ್ಯೂಸ್ ಪದೇ ಪದೇ ಹೋದರೆ? ಹ್ಯಾಂಡಲ್ ಕತ್ತಿನ ಹತ್ತಿರ ವೈರ್ ಉಜ್ಜಿದೆಯಾ ನೋಡಿ. ಅಲ್ಲಿ ಸಿಗದಿದ್ದರೆ ಟ್ಯಾಂಕ್ ಕೆಳಗೆ ನೋಡಿ. ಕಾರಣ ಸಿಗುವವರೆಗೆ ಗ್ರಿಪ್‌ನ ಫ್ಯೂಸ್ ತೆಗೆದಿಟ್ಟು ಓಡಿಸಿ. ರಿಲೇ ಬೇರೆಯೇ ಇರುವುದರಿಂದ ಬೈಕಿನ ಉಳಿದ ಕೆಲಸಕ್ಕೆ ಏನೂ ಆಗುವುದಿಲ್ಲ. ಅದೇ ಅಳತೆಯ ಎರಡು ಫ್ಯೂಸ್ ಸೀಟಿನ ಕೆಳಗೆ ಟೇಪ್ ಹಾಕಿ ಅಂಟಿಸಿಡಿ, ಸಾತಾರಾ ದಾಟಿದ ಮೇಲೆ ನಸುಕಿನಲ್ಲಿ ಯಾವ ಅಂಗಡಿಯೂ ತೆರೆದಿರುವುದಿಲ್ಲ.